ನಮ್ಮಪ್ಪಂಗೆ ಎಂಟು ತಿಂಗಳಿಂದ ತಗೊಂಡಿರೋ ಹೋಮ್ ನರ್ಸಿಂಗ್ ಸರ್ವಿಸ್, ಮೈಸೂರು: ಐದಕ್ಕೆ ನಾಲ್ಕು ಸ್ಟಾರ್

ನಮ್ಮಪ್ಪಂಗೆ 82 ವರ್ಷ, ಕೆಎಸ್‌ಆರ್‌ಟಿಸಿಲಿ ಕಂಡಕ್ಟರಾಗಿ ರಿಟೈರ್ ಆದೋರು. ಈ ಸಲ ಶಿವರಾತ್ರಿ ಆಗಿ ಒಂದು ವಾರಕ್ಕೆ, ರಾತ್ರಿ ಎರಡೂವರೆ ಹೊತ್ತಲ್ಲಿ ಬಾತ್‌ರೂಮಿಗೆ ಅಂತ ಎದ್ದೋರು ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಪರೇಷನ್ ಆಯ್ತು, ಹತ್ತು ದಿನಕ್ಕೆ ಡಿಸ್ಚಾರ್ಜೂ ಮಾಡಿದ್ರು. ಮನೇಲಿ ಅಮ್ಮಂಗೂ 76, ನಾನು ಬೆಳಿಗ್ಗೆ ಒಂಬತ್ತಕ್ಕೆ ಹೊರಟ್ರೆ ಬರೋದು ಏಳಕ್ಕೆ. ಹಂಗಾಗಿ ಪರಿಚಯದವರೊಬ್ಬರು ಹೇಳಿದ್ರು ಅಂತ ಈ ಏಜೆನ್ಸಿಗೆ ಫೋನ್ ಮಾಡಿದ್ದು. ಎಂಟು ತಿಂಗಳಾಯ್ತು, ಈಗ ಬರೀಬಹುದು ಅನ್ನಿಸ್ತು. ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಮನೇಲಿ ವಯಸ್ಸಾದೋರು ಇರೋರು ದಯವಿಟ್ಟು ಪೂರ್ತಿ ಓದಿ.

ಮೊದಲನೇ ವಿಷ್ಯ, ಇವರು ಎರಡು ಥರದ ಜನಾನ ಕಳಿಸ್ತಾರೆ. ಒಂದು ಅಟೆಂಡರ್, ಅಂದ್ರೆ ಕೆಲವು ತಿಂಗಳ ಟ್ರೈನಿಂಗ್ ಆಗಿರೋರು, ಸ್ನಾನ ಮಾಡ್ಸೋದು ಊಟ ಮಾಡ್ಸೋದು ಡೈಪರ್ ಬದಲಾಯಿಸೋದು. ಇನ್ನೊಂದು ನರ್ಸ್, ಮೂರು ವರ್ಷದ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ, ಇಲ್ಲಾ ಬಿಎಸ್ಸಿ ನರ್ಸಿಂಗ್ ಓದಿ ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲಲ್ಲಿ ರಿಜಿಸ್ಟರ್ ಆಗಿರೋರು. ಫೋನಲ್ಲಿ ಇಬ್ರನ್ನೂ "ಸಿಸ್ಟರ್ ಕಳಿಸ್ತೀವಿ ಮೇಡಂ" ಅಂತಾನೇ ಹೇಳ್ತಾರೆ, ನಾವು ಕೇಳದೇ ಇದ್ರೆ ವ್ಯತ್ಯಾಸ ಗೊತ್ತಾಗಲ್ಲ. ನನಗೂ ಗೊತ್ತಾಗ್ಲಿಲ್ಲ. ರಿಜಿಸ್ಟ್ರೇಷನ್ ನಂಬರ್ ಕೇಳಿ, ಕೊಡ್ತಾರೆ, ಅದರಲ್ಲಿ ಸಂಕೋಚ ಪಡೋದೇನೂ ಇಲ್ಲ.

ಮೊದಲ ಮೂರು ವಾರ ಅಟೆಂಡರ್ ಹುಡುಗಿ ಬಂದ್ಲು. ಕೆಟ್ಟವಳಲ್ಲ ಪಾಪ, ಯಾರೂ ಸರಿಯಾಗಿ ಹೇಳಿಕೊಟ್ಟಿರ್ಲಿಲ್ಲ ಅಷ್ಟೇ. ಅಪ್ಪಂಗೆ ಕಿವಿ ಮಂದ ಅಂತ ಮನೆಯೆಲ್ಲ ಕೇಳೋ ಹಂಗೆ ಕಿರುಚೋಳು, ಅವರು ಏನೋ ಒಂದು ಉತ್ತರ ಕೊಡೋರು, "ತಾತಂಗೆ ಮರೆವು ಜಾಸ್ತಿ ಆಗಿದೆ ಆಂಟಿ" ಅನ್ನೋಳು, ನಾವೂ ಇರ್ಬೋದು ವಯಸ್ಸಾಯ್ತಲ್ಲ ಅಂತ ಒಪ್ಕೊಂಡ್ಬಿಟ್ವಿ. ಇಡೀ ದಿನ ಡೈಪರ್, ಇಡೀ ದಿನ ಅಂಗಾತ ಮಲಗಿಸೋದು, ಕೆಳಗೆ ಗಾಳಿ ತುಂಬಿದ ರಬ್ಬರ್ ರಿಂಗ್. ಮೂರನೇ ವಾರ ಅಮ್ಮ ಬೆನ್ನು ಒರೆಸೋವಾಗ ಬೆನ್ನಿನ ಕೊನೇಲಿ, ಎರಡು ರೂಪಾಯಿ ನಾಣ್ಯದಷ್ಟಗಲ ಕೆಂಪಗೆ ಆಗಿದ್ದು ನೋಡಿದ್ರು. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಏಜೆನ್ಸಿಗೆ ಫೋಟೋ ಕಳಿಸಿ ಫೋನಲ್ಲಿ ಜೋರಾಗೇ ಮಾತಾಡಿದೆ. ಇಲ್ಲಿ ಇವರನ್ನ ಮೆಚ್ಚಬೇಕು, ವಾದ ಮಾಡ್ಲಿಲ್ಲ, ಸಂಜೆ ಅವರ ಸೂಪರ್‌ವೈಸರ್ ಮನೆಗೇ ಬಂದು ನೋಡಿದ್ರು, ಮಾರನೇ ದಿನದಿಂದ ಜಿಎನ್‌ಎಂ ಆಗಿರೋ ಸಿಸ್ಟರನ್ನ ಕಳಿಸಿದ್ರು. ರೇಟು ಹೆಚ್ಚುಕಮ್ಮಿ ಡಬಲ್. ಆದ್ರೂ ಮೊದಲೇ ಇವರನ್ನ ಕೇಳ್ಬೇಕಿತ್ತು ಅಂತ ಈಗ್ಲೂ ಅನ್ಸುತ್ತೆ.

ಈ ಸಿಸ್ಟರ್ ಹಾವೇರಿ ಕಡೆಯೋರು. ಬಂದ ದಿನ ಬಿಪಿ ಮಿಷಿನ್ ತೆಗೀಲಿಲ್ಲ, ಫೈಲ್ ಕೇಳ್ಲಿಲ್ಲ. ಕುರ್ಚಿ ಎಳ್ಕೊಂಡು ಅಪ್ಪನ ಎದುರಿಗೆ, ಕಿಟಕಿ ಬೆಳಕು ತಮ್ಮ ಮುಖದ ಮೇಲೆ ಬೀಳೋ ಹಂಗೆ ಕೂತ್ಕೊಂಡು, ಮೊಣಕೈ ಮೇಲೆ ಮೆತ್ತಗೆ ಕೈ ಇಟ್ಟು, ದನಿ ತಗ್ಗಿಸಿ ನಿಧಾನಕ್ಕೆ "ಅಜ್ಜಾರ, ಯಾವ ರೂಟಿನ್ಯಾಗ ಇದ್ರಿ?" ಅಂದ್ರು. ಅಪ್ಪ ತಕ್ಷಣ "ಮೈಸೂರು ಮಡಿಕೇರಿ" ಅಂದ್ರು. ಮೂರು ವಾರದಲ್ಲಿ ಕೇಳಿದ್ದಕ್ಕೆ ಸರಿಯಾಗಿ ಕೊಟ್ಟ ಮೊದಲನೇ ಉತ್ತರ ಅದು. ನಾನು ಬಾಗಿಲಲ್ಲಿ ನಿಂತಿದ್ದೆ, ಕಣ್ಣಲ್ಲಿ ನೀರು ಬಂತು.

ಆಮೇಲೆ ನನಗೆ ಹೇಳಿದ್ರು, "ಒದರಬ್ಯಾಡ್ರಿ ಅಕ್ಕಾರ, ಒದರಿದ್ರ ಅವರಿಗೆ ಇನ್ನೂ ಕೇಳಂಗಿಲ್ಲ." ವಯಸ್ಸಾದಂಗೆ ಮೊದಲು ಹೋಗೋದು ಸಣ್ಣ ದನಿ, ಕೀರಲು ದನಿ ಕೇಳೋ ಶಕ್ತಿ ಅಂತೆ. ಹೆಂಗಸರು ಮಕ್ಕಳು ಮಾತಾಡಿದ್ದು ಕಷ್ಟ, ಗಂಡಸರ ಗಡಸು ದನಿ ಪರವಾಗಿಲ್ಲ. ಸ, ಶ, ತ, ಪ ಇಂಥ ಅಕ್ಷರಗಳು ಹಾರಿಹೋಗಿ ಬರೀ ಆ ಊ ಉಳ್ಕೊಳುತ್ತೆ. ಆಗ ನನಗೆ ಹೊಳೀತು, ಅಮ್ಮ "ಸಾರು ಹಾಕ್ಲಾ" ಅಂದ್ರೆ ಅಪ್ಪ "ಯಾರು ಬಂದ್ರು" ಅಂತ ಬಾಗಿಲ ಕಡೆ ನೋಡ್ತಿದ್ರು, ನಾವು ಮರೆವು ಅಂತಿದ್ವಿ! ಕಿರುಚಿದ್ರೆ ದನಿ ಇನ್ನೂ ಕೀರಲಾಗಿ ಮಾತು ಒಡೆಯುತ್ತೆ, ಜೊತೆಗೆ ಬೈತಿದಾರೆ ಅನ್ನೋ ಭಾವನೆ ಬೇರೆ. ಟಾರ್ಚ್ ಹಾಕಿ ಕಿವಿ ನೋಡಿ ಎರಡೂ ಕಡೆ ಗುಗ್ಗೆ ಗಟ್ಟಿಯಾಗಿ ಕೂತಿದೆ ಅಂದ್ರು, ಬಡ್ಸ್ ಹಾಕಕ್ಕೆ ಬಿಡ್ಲಿಲ್ಲ, ಹಾಕಿದ್ರೆ ಇನ್ನೂ ಒಳಗೆ ಹೋಗುತ್ತಂತೆ. ಡಾಕ್ಟರ್ ಹೇಳಿದ ಡ್ರಾಪ್ಸ್ ನಾಲ್ಕು ದಿನ ಬಿಟ್ಟು ಇಎನ್‌ಟಿ ಹತ್ರ ತೆಗೆಸಿದ್ವಿ, ಅರ್ಧ ಕಿವುಡು ಅಲ್ಲೇ ಹೋಯ್ತು. ಉಳಿದಿದ್ದಕ್ಕೆ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೇಲಿ ಟೆಸ್ಟ್ ಮಾಡಿಸಿ ಕಿವಿ ಮಿಷಿನ್ ಹಾಕಿಸಿದ್ವಿ. ಮೈಸೂರಲ್ಲಿದ್ದೂ ಅಲ್ಲಿಗೆ ಹೋಗದೇ ಇರೋರು ಎಷ್ಟೋ ಜನ ಇದಾರೆ, ಹೋಗಿ. ಮಿಷಿನ್ ತಂದ ಮೇಲೂ ಅಪ್ಪ ಕಿತ್ತು ಕಿತ್ತು ಇಡೋರು, ಗದ್ದಲ ತಡೆಯಕ್ಕಾಗಲ್ಲ ಅಂತ. ಸಿಸ್ಟರ್ ಬಲವಂತ ಮಾಡ್ಲಿಲ್ಲ. ಟಿವಿ ಆಫ್ ಮಾಡಿ ದಿನಕ್ಕೆ ಒಂದೇ ಗಂಟೆ, ಆಮೇಲೆ ಎರಡು, ಹಿಂಗೆ ಒಂದು ತಿಂಗಳಲ್ಲಿ ರೂಢಿ ಮಾಡಿಸಿದ್ರು. ಬ್ಯಾಟರಿ ಸ್ಟಿಕ್ಕರ್ ಕಿತ್ತ ತಕ್ಷಣ ಹಾಕಬಾರದು, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಹಾಕ್ಬೇಕು ಅನ್ನೋದೂ ಇವರಿಂದ್ಲೇ ಗೊತ್ತಾಗಿದ್ದು.

ಇನ್ನು ಬಿದ್ದಿದ್ದರ ವಿಷ್ಯ. ನಾವೆಲ್ಲ ಟೈಲ್ಸ್ ಜಾರಿ ಬಿದ್ರು ಅಂತ ನಂಬಿದ್ವಿ. ವಾಕರ್ ಹಿಡ್ಕೊಂಡು ನಿಲ್ಲೋ ಹಂಗಾದ ಮೇಲೆ ಸಿಸ್ಟರ್ ಒಂದು ದಿನ ಬೆಳಿಗ್ಗೆ ಮಲಗಿದ್ದಾಗ ಬಿಪಿ ನೋಡಿದ್ರು, 146. ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದ್ರು, 118. ಮೂರು ನಿಮಿಷಕ್ಕೆ ಮತ್ತೆ ನೋಡಿ ಬರ್ಕೊಂಡ್ರು. ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತೆ, ಚಿಕ್ಕ ವಯಸ್ಸಲ್ಲಿ ದೇಹ ಕ್ಷಣದಲ್ಲಿ ಸರಿ ಮಾಡ್ಕೊಳುತ್ತೆ, ವಯಸ್ಸಾದ್ಮೇಲೆ ಅದು ನಿಧಾನ. ಮೇಲಿನ ನಂಬರ್ 20 ಅಥವಾ ಕೆಳಗಿಂದು 10 ಇಳಿದ್ರೆ ಡಾಕ್ಟರಿಗೆ ಹೇಳ್ಲೇಬೇಕಂತೆ. ಆ ಚೀಟಿ ತಗೊಂಡು ಹೋದ್ವಿ, ಪ್ರಾಸ್ಟೇಟಿಗೆ ಅಂತ ರಾತ್ರಿ ತಗೋತಿದ್ದ ಮಾತ್ರೆಯಿಂದಲೂ ಹಿಂಗಾಗಬಹುದು ಅಂತ ಡಾಕ್ಟರ್ ಮಾತ್ರೆಗಳನ್ನೆಲ್ಲ ಮತ್ತೆ ನೋಡಿ ಬದಲಾಯಿಸಿದ್ರು. ಅಲ್ಲಿಂದ ಮನೇಲಿ ಒಂದೇ ಮಂತ್ರ, "ಅಜ್ಜಾರ ಸಾವಕಾಶ, ಮೊದ್ಲ ಕಾಲ ಕೆಳಗ ಬಿಟ್ಟ ಕುಂದರ್ರಿ, ಒಂದ ಸ್ವಲ್ಪ ಕಾಲ ಆಡಸ್ರಿ, ಆಮ್ಯಾಗ ಏಳೋಣಂತ." ಈಗ ಅಮ್ಮನೂ ಹಂಗೇ ಏಳ್ತಾರೆ.

ಬಾತ್‌ರೂಮಿಗೆ ಹೋಗೋ ದಾರೀಲಿ ಜೀರೋ ಬಲ್ಬ್ ಹಾಕಿಸಿದ್ರು. 60 ದಾಟಿದ ಕಣ್ಣಿನ ಒಳಗೆ ಹೋಗೋ ಬೆಳಕು 20ರ ಹುಡುಗನ ಕಣ್ಣಿಗೆ ಹೋಗೋದರ ಮೂರನೇ ಒಂದು ಭಾಗ ಅಷ್ಟೇ ಅಂತೆ, ಕತ್ತಲಿಗೆ ಹೊಂದ್ಕೊಳ್ಳೋಕೂ ತುಂಬ ಹೊತ್ತು ಬೇಕು. ನಮ್ಮ ಬಾತ್‌ರೂಮಲ್ಲಿ ನೆಲ ಬಿಳಿ, ಗೋಡೆ ಬಿಳಿ, ಕಮೋಡ್ ಬಿಳಿ. ಅಪ್ಪಂಗೆ ಎಲ್ಲಿ ಕೂರ್ಬೇಕು ಅನ್ನೋದೇ ಕಾಣ್ತಿರ್ಲಿಲ್ಲ, ಕೈಯಲ್ಲಿ ತಡಕಾಡೋರು. ಹೊಸಿಲಿಗೆ ಕೆಂಪು ಟೇಪ್ ಅಂಟಿಸಿ, ಕಮೋಡಿಗೆ ಕಡುನೀಲಿ ಸೀಟ್ ಹಾಕಿಸಿದ್ವಿ, ಮುನ್ನೂರು ನಾನ್ನೂರು ರೂಪಾಯಲ್ಲಿ ಮುಗೀತು. ಊಟದ್ದೂ ಅದೇ ಕಥೆ, ಬಿಳೀ ಪ್ಲೇಟಲ್ಲಿ ಮೊಸರನ್ನ ಹಾಕಿದ್ರೆ ಅರ್ಧಕ್ಕರ್ಧ ಬಿಡ್ತಿದ್ರು, ಹಸಿವಿಲ್ಲ ಅಂತ ನಾವು ಟಾನಿಕ್ ಕೇಳ್ತಿದ್ವಿ. ಈಗ ಬಾಳೆ ಎಲೆ ತುಂಡು ಹಾಕಿ ಬಡಿಸ್ತಾರೆ, ಎಲೆ ಪೂರ್ತಿ ಖಾಲಿ. ಉಪ್ಪಿಲ್ಲ ಉಪ್ಪಿಲ್ಲ ಅನ್ನೋದಕ್ಕೆ ನಿಂಬೆಹಣ್ಣು ಮೆಣಸು ಶುಂಠಿ ಜಾಸ್ತಿ ಮಾಡಿದಾರೆ, ನಾಲಿಗೆ ಮೂಗು ಎರಡೂ ಮಂಕಾಗಿರುತ್ತೆ, ಉಪ್ಪು ಹಾಕ್ತಾ ಹೋದ್ರೆ ಬಿಪಿ ಏರುತ್ತೆ.

ಬೆನ್ನಿನ ಗಾಯದ್ದು ಹೇಳ್ಲೇಬೇಕು. ಬಂದ ದಿನವೇ ಆ ರಬ್ಬರ್ ರಿಂಗ್ ತೆಗೆದು ಹೊರಗಿಟ್ರು, ಅದು ಸುತ್ತಲೂ ಒತ್ತಿ ಮಧ್ಯಕ್ಕೆ ರಕ್ತ ಹೋಗದಂಗೆ ಮಾಡುತ್ತೆ ಅಂತ. ಕೆಂಪಗಾಗಿದ್ದ ಜಾಗಾನ ಬೆರಳಲ್ಲಿ ಮೆತ್ತಗೆ ಒತ್ತಿ ಬಿಟ್ಟು ನನಗೆ ತೋರಿಸಿದ್ರು. ಒತ್ತಿ ಬಿಟ್ಟಾಗ ಒಂದು ಕ್ಷಣ ಬಿಳಿಚಿದ್ರೆ ಪರವಾಗಿಲ್ಲ, ಒತ್ತಿದ್ರೂ ಕೆಂಪಗೇ ಇದ್ರೆ ಹಾಸಿಗೆ ಹುಣ್ಣು ಶುರು ಅಂತ ಅರ್ಥ. ಅಪ್ಪಂದು ಬಿಳಿಚಲಿಲ್ಲ. ಕಪ್ಪು ಮೈಬಣ್ಣದೋರಿಗೆ ಕೆಂಪು ಸರಿಯಾಗಿ ಕಾಣದೇ ಇರ್ಬೋದು, ಅಲ್ಲಿ ಮುಟ್ಟಿ ನೋಡ್ಬೇಕಂತೆ, ಬಿಸಿ ಇದೆಯಾ, ಗಟ್ಟಿ ಆಗಿದೆಯಾ ಅಂತ. ಅಮ್ಮ ಎಣ್ಣೆ ಹಚ್ಚಿ ತಿಕ್ಕೋಕೆ ಹೋಗಿದ್ದನ್ನ ತಡೆದ್ರು, ಆ ಜಾಗ ಉಜ್ಜಿದ್ರೆ ಒಳಗಿನ ಚರ್ಮ ಇನ್ನೂ ಹಾಳಾಗುತ್ತೆ. ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ ಗೋಡೆಗೆ ಅಂಟಿಸಿದ ಹಾಳೇಲಿ ಟೈಮ್ ಬರೆಯೋರು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂಗೆ ಮಾಡೋರು. ರಾತ್ರಿ ಪಾಳಿ ನನ್ನದೂ ಅಮ್ಮಂದೂ. ಏರ್ ಬೆಡ್ ತಂದ್ವಿ, ಆದ್ರೂ ತಿರುಗಿಸೋದು ನಿಲ್ಲಿಸ್ಲಿಲ್ಲ. ಹದಿನೈದು ದಿನದಲ್ಲಿ ಕೆಂಪು ಹೋಯ್ತು, ಚರ್ಮ ಒಡೀಲಿಲ್ಲ. ಡೈಪರನ್ನೂ ಹಗಲಲ್ಲಿ ಬಿಡಿಸಿದ್ರು, ಟೈಮ್ ಇಟ್ಕೊಂಡು ಕರ್ಕೊಂಡು ಹೋಗೋದು. ಅಪ್ಪ ಮತ್ತೆ ಪಂಚೆ ಉಟ್ಟ ದಿನ ಅವರ ಮುಖ ನೋಡ್ಬೇಕಿತ್ತು.

ಮೇ ತಿಂಗಳಲ್ಲಿ ಒಂದು ಘಟನೆ ಆಯ್ತು. ಒಂದು ರಾತ್ರಿ ಇದ್ದಕ್ಕಿದ್ದಂಗೆ ಅಪ್ಪ ಹಾಸಿಗೆ ಮೇಲೆ ಕೂತು "ಯಾರ್ರೀ ಟಿಕೆಟ್ ಟಿಕೆಟ್" ಅಂತ ಶುರು ಮಾಡಿದ್ರು, ಎಡಗೈಯಲ್ಲಿ ಟಿಕೆಟ್ ಕಟ್ಟು ಹಿಡಿದಂಗೆ, ಬಲಗೈಯಲ್ಲಿ ಹರಿದು ಹರಿದು ಕೊಡೋದು, "ಹೋಲ್ಡಾನ್" ಅಂತ ಗೋಡೆ ತಟ್ಟೋದು, ನನ್ನನ್ನ ಗುರುತೇ ಹಿಡೀಲಿಲ್ಲ. ಜ್ವರ ಇಲ್ಲ, ನೋವು ಅನ್ನಲ್ಲ. ನಾವು ಮುಗೀತು, ಅಪ್ಪನ ಬುದ್ಧಿ ಹೋಯ್ತು ಅಂತ ಇಡೀ ರಾತ್ರಿ ಅತ್ವಿ. ಬೆಳಿಗ್ಗೆ ಸಿಸ್ಟರ್ ಬಂದು ಕೇಳಿದ ಮೊದಲನೇ ಪ್ರಶ್ನೆ, ಯಾವಾಗಿಂದ? ನಿನ್ನೆ ರಾತ್ರಿಯಿಂದ ಅಂದಾಗ "ಮರೆವಿನ ಕಾಯಿಲೆ ಹಿಂಗ ಒಂದ ದಿನದಾಗ ಬರಂಗಿಲ್ಲ ಅಕ್ಕಾರ, ಡಾಕ್ಟರಿಗೆ ತೋರಸ್ರಿ, ಉಚ್ಚಿ ಟೆಸ್ಟ್ ಮಾಡಸ್ರಿ" ಅಂದ್ರು. ಯೂರಿನ್ ಇನ್ಫೆಕ್ಷನ್. ವಯಸ್ಸಾದೋರಿಗೆ ಜ್ವರ ಬರ್ದೇನೂ ಇರ್ಬೋದು, ತಲೆ ಕೆಟ್ಟಂಗಾಗೋದೇ ಮೊದಲ ಸೂಚನೆ ಆಗಿರ್ಬೋದು. ಡಾಕ್ಟರ್ ಕೊಟ್ಟ ಔಷಧಿಗೆ ಐದಾರು ದಿನಕ್ಕೆ ಅಪ್ಪ ಮೊದಲಿನಂಗಾದ್ರು. ಬಾಯಾರಿಕೆ ಅನ್ನೋದೇ ಅವರಿಗೆ ಗೊತ್ತಾಗ್ತಿರ್ಲಿಲ್ಲ, ಬೇಸಿಗೇಲೂ ದಿನಕ್ಕೆ ಎರಡು ಲೋಟ ನೀರು ಕುಡಿದಿರ್ತಿದ್ರೇನೋ. ಈಗ ಡಾಕ್ಟರ್ ಹೇಳಿದ ಲೆಕ್ಕಕ್ಕೆ ಬಾಟ್ಲಿ ತುಂಬಿಟ್ಟು, ಮಜ್ಜಿಗೆ ತಿಳಿಸಾರು ಸೇರ್ಸಿ, ಸಂಜೆ ಆರರೊಳಗೆ ಮುಗಿಸ್ತಾರೆ.

ಬೇಜಾರಾಗಿರೋದು. ಸಿಸ್ಟರ್ ರಜೆ ಹಾಕಿದ್ರೆ ಬದಲಿ ಕಳಿಸ್ತೀವಿ ಅಂತ ಅಗ್ರಿಮೆಂಟಲ್ಲಿ ಬರೆದಿದಾರೆ, ಆದ್ರೆ ಎಂಟು ತಿಂಗಳಲ್ಲಿ ಆರು ಭಾನುವಾರ ಯಾರೂ ಬರ್ಲಿಲ್ಲ, ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ "ಟ್ರೈ ಮಾಡ್ತಿದೀವಿ ಮೇಡಂ". ಬದಲಿ ಬಂದ ಒಂದು ದಿನ ಪ್ಲಾಸ್ಟರ್ ಸರ್ರನೆ ಕಿತ್ತು ಮುಂಗೈ ಚರ್ಮವೂ ಜೊತೆಗೆ ಬಂತು, ಆ ವಯಸ್ಸಿನ ಚರ್ಮ ಈರುಳ್ಳಿ ಸಿಪ್ಪೆ ಥರ, ನೀರಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸ್ಬೇಕು ಅನ್ನೋದು ಆಕೆಗೆ ಗೊತ್ತಿರ್ಲಿಲ್ಲ. ಮತ್ತೆ ನಾವು ಕಟ್ಟೋ ದುಡ್ಡಲ್ಲಿ ಸಿಸ್ಟರ್ ಕೈಗೆ ಎಷ್ಟು ಹೋಗುತ್ತೆ ಅಂತ ಕೇಳಿದ್ರೆ ಹೇಳಲ್ಲ, ಅದು ನನಗೆ ಸರಿ ಕಾಣಲ್ಲ. ಇಷ್ಟು ಗಮನ ಇಟ್ಟು ನೋಡೋರಿಗೆ ಒಳ್ಳೇ ಸಂಬಳ ಸಿಗ್ಲೇಬೇಕು.

ಒಂದು ಸ್ಟಾರ್ ಕಡಿಮೆ ಮಾಡಿರೋದು ಇದಕ್ಕೇ. ಹೊಸದಾಗಿ ತಗೊಳ್ಳೋರು ಮೊದಲ ದಿನವೇ ರಿಜಿಸ್ಟರ್ಡ್ ನರ್ಸ್ ಬಂದು ಕಿವಿ, ಕಣ್ಣು, ಚರ್ಮ, ನಿಂತಾಗಿನ ಬಿಪಿ, ಮಾತ್ರೆ ಲಿಸ್ಟ್ ಎಲ್ಲ ನೋಡಿ ಬರೆದುಕೊಡ್ಲಿ ಅಂತ ಕೇಳಿ, ಆಮೇಲೆ ಬೇಕಾದ್ರೆ ದಿನದ ಕೆಲಸಕ್ಕೆ ಅಟೆಂಡರ್ ಇಟ್ಕೊಳಿ, ವಾರಕ್ಕೊಂದ್ಸಲ ನರ್ಸ್ ಬಂದು ನೋಡೋ ಪ್ಯಾಕೇಜೂ ಇವರ ಹತ್ರ ಇದೆ. ನಾವು ಮುಂದಿನ ತಿಂಗಳಿಂದ ಅದಕ್ಕೇ ಬದಲಾಯಿಸ್ತಿದೀವಿ, ಅದೇ ಸಿಸ್ಟರ್ ಬರ್ಬೇಕು ಅಂತ ಬರೆದುಕೊಟ್ಟಿದೀನಿ. ಅಪ್ಪ ಈಗ ಕೋಲು ಹಿಡ್ಕೊಂಡು ಗೇಟಿನ ತನಕ ಹೋಗಿ ಸಿಸ್ಟರ್ ಬರೋ ಬಸ್ ಟೈಮಿಗೆ ನಿಂತಿರ್ತಾರೆ, ಐದು ನಿಮಿಷ ಲೇಟಾದ್ರೆ ಯಾವ ಬಸ್ಸು, ಯಾವ ಡಿಪೋದ್ದು ಅಂತ ವಿಚಾರಿಸ್ತಾರೆ.