ಡಿಜಿಟಲ್ ಸಂಸದ್ ಮತ್ತು ಸಂಸದ್ ಟಿವಿ: ಡಿಫೆನ್ಸ್, ಫಾರಿನ್ ಪ್ರಶ್ನೋತ್ತರ ಫಾಲೋ ಮಾಡೋರಿಗೆ ದಾವಣಗೆರೆಯಿಂದ ಒಂದು ರಿವ್ಯೂ

ಡಿಫೆನ್ಸ್‌ಗೆ ಎಷ್ಟು ದುಡ್ಡು ಹೋಗ್ತದೆ, ಹೊರದೇಶದಲ್ಲಿ ಸಿಕ್ಕಾಕ್ಕೊಂಡ ನಮ್ಮೋರನ್ನ ಸರ್ಕಾರ ಹೆಂಗೆ ಕರ್ಕೊಂಡು ಬಂತು, ಇದನ್ನೆಲ್ಲಾ ರಾತ್ರಿ ಒಂಬತ್ತರ ಡಿಬೇಟ್ ನೋಡಿ ತಿಳ್ಕೊಳ್ಳೋರು ಒಂದ್ಸಲ ಸಂಸತ್ತಿನ ಡಿಜಿಟಲ್ ಸಂಸದ್ ವೆಬ್‌ಸೈಟ್‌ಗೆ ಹೋಗಿ ಮಂತ್ರಿಗಳು ಬರವಣಿಗೆಯಲ್ಲಿ ಕೊಟ್ಟಿರೋ ಉತ್ತರ ಓದ್ರಿ. ದುಡ್ಡು ಕೊಡಂಗಿಲ್ಲ, ಲಾಗಿನ್ ಬೇಕಿಲ್ಲ, ಯಾರು ಬೇಕಾದ್ರೂ ಪಿಡಿಎಫ್ ಇಳಿಸ್ಕೋಬಹುದು. ನಾನು ದಾವಣಗೆರೆಯಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಓದೋ ಹುಡುಗ್ರಿಗೆ ಪಾಲಿಟಿ, ಕರೆಂಟ್ ಅಫೇರ್ಸ್ ಹೇಳಿಕೊಡೋನು, ಹಂಗಾಗಿ ಅಧಿವೇಶನ ನಡೀವಾಗೆಲ್ಲಾ ಈ ಸೈಟು, ಸಂಸದ್ ಟಿವಿ ಎರಡೂ ಬಳಸ್ತೀನಿ.

ಮೊದ್ಲು ಟಿವಿ ವಿಷಯ. ಲೋಕಸಭೆ ಟಿವಿ, ರಾಜ್ಯಸಭೆ ಟಿವಿ ಎರಡನ್ನೂ ಸೇರಿಸಿ 2021ರಲ್ಲಿ ಸಂಸದ್ ಟಿವಿ ಮಾಡಿದ್ರು. ಲೋಕಸಭೆ ಪ್ರಶ್ನೋತ್ತರ ಬೆಳಿಗ್ಗೆ 11ರಿಂದ 12, ರಾಜ್ಯಸಭೇದು 12ರಿಂದ 1. ನಮ್ಮ ಏರಿಯಾದ ಕೇಬಲ್‌ನೋರು ಈ ಚಾನೆಲ್ಲನ್ನ ಎಲ್ಲೋ ಕೊನೇಗೆ ತಳ್ಳಿದಾರೆ, ಕೇಳಿದ್ರೆ ಯಾರೂ ನೋಡಲ್ಲ ಸಾರ್ ಅಂತಾರೆ, ಅದಕ್ಕೆ ಯೂಟ್ಯೂಬ್‌ನಲ್ಲೇ ನೋಡೋದು ಒಳ್ಳೇದು, ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡಬಹುದು. ಡಿಫೆನ್ಸ್, ಫಾರಿನ್ ಮಂತ್ರಾಲಯದ ಪ್ರಶ್ನೆ ಎರಡೂ ಲೋಕಸಭೇಲಿ ಶುಕ್ರವಾರ ಬರ್ತಾವೆ, ರಾಜ್ಯಸಭೇಲಿ ಡಿಫೆನ್ಸ್ ಸೋಮವಾರ, ಫಾರಿನ್ ಗುರುವಾರ. ಇಷ್ಟು ನೆನಪಿಟ್ಕೊಂಡ್ರೆ ದಿನಾ ಕಾಯೋದು ತಪ್ತದೆ.

ಲೈವ್ ನೋಡೋದ್ರಲ್ಲಿ ಸ್ವಾರಸ್ಯ ಇರೋದು ಉಪಪ್ರಶ್ನೆಯಲ್ಲಿ. ಸ್ಟಾರ್ ಹಾಕಿದ ಪ್ರಶ್ನೆಗೆ, ಅಂದ್ರೆ ಮಂತ್ರಿ ಸದನದಲ್ಲಿ ಬಾಯ್ಮಾತಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆಗೆ, ಮೇನ್ ಉತ್ತರ ಮೊದ್ಲೇ ಅಧಿಕಾರಿಗಳು ಬರೆದು ಮೇಜಿನ ಮೇಲೆ ಇಟ್ಟಿರ್ತಾರೆ, ಅದರಲ್ಲೇನೂ ರಹಸ್ಯ ಇಲ್ಲ, ಆದ್ರೆ ಪ್ರಶ್ನೆ ಕೇಳಿದ ಸದಸ್ಯರು ಎದ್ದು ನಿಂತು ಎರಡು ಉಪಪ್ರಶ್ನೆ ಕೇಳ್ತಾರಲ್ಲ, ಆಮೇಲೆ ಬೇರೆಯವರೂ ಒಂದೊಂದು ಕೇಳ್ತಾರಲ್ಲ, ಆಗ ಗೊತ್ತಾಗ್ತದೆ ಮಂತ್ರಿಗೆ ತನ್ನ ಇಲಾಖೆ ಎಷ್ಟು ಗೊತ್ತು ಅಂತ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರೋವರೆಗೂ ಮಾತು ಎಳೆಯೋರು ಇದಾರೆ, ಕಾಗದಾನೇ ನೋಡದೆ ಹೇಳೋರೂ ಇದಾರೆ. ವಿದೇಶಾಂಗ ಸಚಿವ ಜೈಶಂಕರ್ ಮೊದ್ಲು ಫಾರಿನ್ ಸೆಕ್ರೆಟರಿ ಆಗಿದ್ದೋರು, ಅವರ ಉತ್ತರ ಕೇಳಿದ್ರೆ ಆ ಅನುಭವ ಕಾಣ್ತದೆ, ನೀವು ಅವರ ಪಕ್ಷ ಒಪ್ಪಿ ಬಿಡಿ ಅದು ಬೇರೆ ಮಾತು. ನಮ್ಮ ಎಸ್.ಎಂ. ಕೃಷ್ಣ 2009ರಿಂದ 2012ರವರೆಗೆ ಅದೇ ಖಾತೇಲಿದ್ರು, ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಡಿಫೆನ್ಸ್ ನೋಡ್ಕೊಂಡಿದ್ರು, ಅವರ ಕಾಲದ ಪ್ರಶ್ನೋತ್ತರಾನೂ ಸಂಸತ್ತಿನ ಡಿಜಿಟಲ್ ಲೈಬ್ರರೀಲಿ ಸಿಗ್ತಾವೆ, ಹೋಲಿಸಿ ನೋಡೋಕೆ ಚೆನ್ನಾಗಿರ್ತದೆ.

ಬೇಜಾರು ಏನಂದ್ರೆ ಗದ್ದಲ. ಲೋಕಸಭೇಲಿ ದಿನಕ್ಕೆ 20 ಸ್ಟಾರ್ ಪ್ರಶ್ನೆ ಲಿಸ್ಟಲ್ಲಿ ಇರ್ತಾವೆ, ಬಾಯ್ಮಾತಿನ ಉತ್ತರ ಸಿಗೋದು ಅದರಲ್ಲಿ ಕೆಲವಕ್ಕೆ ಮಾತ್ರ. 2019ರ ನವೆಂಬರ್ 27ಕ್ಕೆ ಲೋಕಸಭೇಲಿ 20ಕ್ಕೆ 20 ಮುಗಿದಾಗ 1972ರ ನಂತರ ಇದೇ ಮೊದಲು ಅಂತ ಸುದ್ದಿ ಆಯ್ತು ಅಂದ್ರೆ ಲೆಕ್ಕ ಹಾಕ್ರಿ. 2020ರ ಮಳೆಗಾಲದ ಅಧಿವೇಶನದಲ್ಲಂತೂ ಕೋವಿಡ್ ಅಂತ ಪ್ರಶ್ನೋತ್ತರ ಅವಧೀನೇ ಕೈಬಿಟ್ಟಿದ್ರು. ಗಡಿಯಲ್ಲಿ ಚೀನಾ ಸೈನಿಕರ ಜೊತೆ ಗಲ್ವಾನ್ ಘರ್ಷಣೆ ಆಗಿ ಮೂರು ತಿಂಗಳು ಆಗಿತ್ತಷ್ಟೆ, ಡಿಫೆನ್ಸ್ ಮಂತ್ರೀನ ಎದ್ದು ನಿಲ್ಲಿಸಿ ಕೇಳಬೇಕಾದ ಹೊತ್ತು ಅದು. ನನಗೆ ಇವತ್ತಿಗೂ ಅದು ಸರಿ ಅನ್ಸಲ್ಲ. ಟಿವಿಗೆ ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ತಪ್ಪು ಚಾನೆಲ್ಲಿಂದಲ್ಲ ಸದನದ್ದು, ಆದ್ರೂ ನೋಡೋರಿಗೆ ಸಿಗೋದು ಅಷ್ಟೇ.

ಈಗ ವೆಬ್‌ಸೈಟ್. ಇದು ನಿಜವಾದ ಗಣಿ, ನಾಲ್ಕು ಸ್ಟಾರ್. ಲೋಕಸಭೆಯಲ್ಲಿ ದಿನಕ್ಕೆ 230ರವರೆಗೆ ಸ್ಟಾರ್ ಇಲ್ಲದ ಪ್ರಶ್ನೆಗೆ ಬರಹದಲ್ಲೇ ಉತ್ತರ ಬರ್ತದೆ, ಸದನದಲ್ಲಿ ಕೂಗಾಟ ಆದ್ರೂ ಆ ಪಿಡಿಎಫ್ ಬಂದೇ ಬರ್ತದೆ. ತೆಗೆದ್ರೆ ಮೇಲೆ ಭಾರತ ಸರ್ಕಾರ, ರಕ್ಷಣಾ ಮಂತ್ರಾಲಯ ಅಂತ, ಆಮೇಲೆ ಪ್ರಶ್ನೆ ನಂಬರ್, ಉತ್ತರ ಕೊಡೋ ತಾರೀಖು, ವಿಷಯ, ಕೇಳಿದ ಎಂಪಿ ಹೆಸರು, ಕೆಳಗೆ ಎ, ಬಿ, ಸಿ, ಡಿ ಅಂತ ಬಿಡಿಸಿ ಬಿಡಿಸಿ ಪ್ರಶ್ನೆ. ಉತ್ತರಕ್ಕೆ ಬಂದಾಗ ಮೊದ್ಲು ಒಂದೇ ಒಂದು ನೋಡ್ರಿ: ನಾಲ್ಕಕ್ಕೂ ಬೇರೆ ಬೇರೆ ಉತ್ತರ ಕೊಟ್ಟಿದಾರೋ ಅಥವಾ ಎ ಟು ಡಿ ಅಂತ ಗಂಟು ಕಟ್ಟಿ ಒಂದೇ ಪ್ಯಾರಾ ಬರೆದಿದಾರೋ. ಗಂಟು ಕಟ್ಟಿದ್ರೆ ನಾಲ್ಕರಲ್ಲಿ ಒಂದಕ್ಕೆ ಉತ್ತರ ಸಿಕ್ಕಿರಲ್ಲ, ಯಾವುದು ಸಿಕ್ಕಿಲ್ಲ ಅಂತ ಹುಡುಕೋದೇ ನಮ್ಮ ಕ್ಲಾಸಿನ ಹುಡುಗ್ರಿಗೆ ನಾನು ಕೊಡೋ ಅಭ್ಯಾಸ. ಡಿಫೆನ್ಸ್‌ನಲ್ಲಿ ರಾಷ್ಟ್ರೀಯ ಭದ್ರತೆ ದೃಷ್ಟಿಯಿಂದ ವಿವರ ಕೊಡಲಾಗದು ಅನ್ನೋ ಸಾಲು ತುಂಬಾ ಬರ್ತದೆ. ಯಾವ ಗಡೀಲಿ ಯಾವ ಮಿಸೈಲ್ ಇಟ್ಟಿದೀವಿ ಅಂತ ಹೇಳಬಾರದು, ಅದು ಸರಿ, ಆದ್ರೆ ಕೊಟ್ಟ ದುಡ್ಡಲ್ಲಿ ಎಷ್ಟು ಖರ್ಚಾಯ್ತು ಅಂತ ಕೇಳಿದಾಗ ಅದೇ ಸಾಲಿನ ಹಿಂದೆ ನಿಂತ್ರೆ ಒಪ್ಪೋಕಾಗಲ್ಲ. ಇನ್ನೊಂದು, ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು ಅಂತ ಬಂದ್ರೆ ಬಿಡಬೇಡ್ರಿ, ಅದು ಭರವಸೆ ಅಂತ ದಾಖಲಾಗ್ತದೆ, ಮೂರು ತಿಂಗಳೊಳಗೆ ಪೂರೈಸಬೇಕು, ಬೆನ್ನು ಹತ್ತೋಕೆ ಭರವಸೆಗಳ ಸಮಿತಿ ಅಂತಾನೇ ಐತೆ.

ಓದುವಾಗ ಬಜೆಟ್ ಲೆಕ್ಕ ಪಕ್ಕದಲ್ಲಿ ಇಟ್ಕೊಳ್ರಿ, ಇಲ್ದಿದ್ರೆ ಕೋಟಿಗಳಲ್ಲಿ ಕಳೆದೋಗ್ತೀರಿ. 2025-26ರಲ್ಲಿ ರಕ್ಷಣಾ ಮಂತ್ರಾಲಯಕ್ಕೆ ಇಟ್ಟಿದ್ದು 6,81,210 ಕೋಟಿ. ಅದರಲ್ಲಿ ಹೊಸ ವಿಮಾನ, ಹಡಗು, ಟ್ಯಾಂಕಿನಂಥ ಕ್ಯಾಪಿಟಲ್ ಖರ್ಚಿಗೆ 1,80,000 ಕೋಟಿ, ಪಿಂಚಣಿಗೆ 1,60,795 ಕೋಟಿ, ಉಳಿದದ್ದು ಹೆಚ್ಚಾಗಿ ಸಂಬಳ, ಇಂಧನ, ರಿಪೇರಿಗೆ. ಪಿಂಚಣಿ ಮತ್ತೆ ಹೊಸ ಆಯುಧ ಹೆಚ್ಚುಕಮ್ಮಿ ಹತ್ತತ್ರ ಇದಾವೆ ಅಂತ ಹೇಳಿದ್ರೆ ಹುಡುಗ್ರು ನಂಬಲ್ಲ. ವಿದೇಶಾಂಗಕ್ಕೆ ಅದೇ ವರ್ಷ 20,516 ಕೋಟಿ, ಅದರಲ್ಲಿ 2,150 ಕೋಟಿ ಬರೀ ಭೂತಾನ್‌ಗೆ. ಅಂದ್ರೆ ಡಿಫೆನ್ಸ್‌ಗೆ ನೂರು ರೂಪಾಯಿ ಹೋದ್ರೆ ಫಾರಿನ್‌ಗೆ ಮೂರು. ಎಂಬೆಸಿಯಲ್ಲಿ ಜನ ಸಾಲಲ್ಲ ಅನ್ನೋ ಪ್ರಶ್ನೆಗಳನ್ನ ಈ ಲೆಕ್ಕ ಇಟ್ಕೊಂಡು ಓದ್ರಿ.

ನಮ್ಮ ಕಡೆಯೋರಿಗೆ ಇದೆಲ್ಲಾ ದೆಹಲಿ ವಿಷಯ ಅನ್ಸಬಹುದು, ಅಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲೂಕಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಟೆಸ್ಟ್ ರೇಂಜ್ ಐತೆ, 2017ರ ಮೇ 28ಕ್ಕೆ ಆಗಿನ ಡಿಫೆನ್ಸ್ ಮಂತ್ರಿ ಅರುಣ್ ಜೇಟ್ಲಿ ಉದ್ಘಾಟನೆ ಮಾಡಿದ್ರು, ದನ ಕುರಿ ಮೇಯ್ತಿದ್ದ ಅಮೃತ್ ಮಹಲ್ ಕಾವಲು ಅದು. ಪೈಲಟ್ ಇಲ್ಲದ ವಿಮಾನ ರುಸ್ತುಂ-2 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ರ ಬಿತ್ತು, 2023ರ ಆಗಸ್ಟ್‌ನಲ್ಲಿ ತಪಸ್ (ರುಸ್ತುಂ-2ಗೇ ಆಮೇಲೆ ಇಟ್ಟ ಹೆಸರು) ಹಿರಿಯೂರು ತಾಲೂಕಿನ ವದ್ದೀಕೆರೆ ಹೊಲದಲ್ಲಿ ಬಿತ್ತು. ಹೊಲದಲ್ಲಿ ಬಿದ್ದದ್ದಕ್ಕೆ ಎಷ್ಟು ಖರ್ಚಾಗಿತ್ತು, ಪ್ರಾಜೆಕ್ಟ್ ಎಲ್ಲಿಗೆ ಬಂತು ಅಂತ ಕೇಳೋ ಹಕ್ಕು ಮೊದ್ಲು ಆ ಊರೋರಿಗೇ ಇರೋದು. ಹುಡುಕುವಾಗ ಒಂದು ಎಚ್ಚರ: ಅದೇ ರನ್‌ವೇಯಲ್ಲಿ 2023ರ ಏಪ್ರಿಲ್ 2ಕ್ಕೆ ಇಸ್ರೋದ ರೆಕ್ಕೆ ಇರೋ ರಾಕೆಟ್ ತಾನೇ ಇಳೀತು, ಆದ್ರೆ ಇಸ್ರೋ ಡಿಫೆನ್ಸ್ ಕೆಳಗೆ ಬರಲ್ಲ, ಬಾಹ್ಯಾಕಾಶ ಇಲಾಖೆ ಅಂತ ಸೆಲೆಕ್ಟ್ ಮಾಡ್ಬೇಕು, ಪಕ್ಕದ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಬಗ್ಗೆ ಬೇಕಂದ್ರೆ ಅಣುಶಕ್ತಿ ಇಲಾಖೆ. ಊರಿನ ಹೆಸರು ಹಾಕಿ ಹುಡುಕೋದಕ್ಕಿಂತ ಮಂತ್ರಾಲಯ, ಅಧಿವೇಶನ ಎರಡು ಸೆಲೆಕ್ಟ್ ಮಾಡಿ ವಿಷಯದ ಪಟ್ಟಿ ಮೇಲಿಂದ ಕೆಳಗೆ ಓದೋದೇ ವಾಸಿ.

ಫಾರಿನ್‌ನೂ ಅಷ್ಟೇ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಾಕ್ಕೊಂಡ ಹಕ್ಕಿಪಿಕ್ಕಿ ಜನರಲ್ಲಿ ನಮ್ಮ ಚನ್ನಗಿರಿ ತಾಲೂಕಿನೋರೂ ಇದ್ರು, ಎಣ್ಣೆ, ಗಿಡಮೂಲಿಕೆ ಮಾರೋಕೆ ಹೋದೋರು. ಆಪರೇಷನ್ ಕಾವೇರಿ ಅಂತ ಮಾಡಿ 3,862 ಜನರನ್ನ ಹೊರಗೆ ತಂದ್ರು, ಅದು ದೊಡ್ಡ ಕೆಲಸ, ಮನಸಾರೆ ಮೆಚ್ಚಬೇಕು. ಆದ್ರೆ ಬಜೆಟ್ ಅಧಿವೇಶನ ಏಪ್ರಿಲ್ 6ಕ್ಕೇ ಮುಗಿದಿತ್ತು, ಮುಂದಿಂದು ಶುರುವಾಗಿದ್ದು ಜುಲೈ 20ಕ್ಕೆ. ಆ ಮೂರು ತಿಂಗಳು ಸದನದಲ್ಲಿ ಒಂದು ಪ್ರಶ್ನೆ ಕೇಳೋಕೂ ದಾರಿ ಇರ್ಲಿಲ್ಲ, ಮನೆಯೋರು ಸಿದ್ದರಾಮಯ್ಯ, ಜೈಶಂಕರ್ ನಡುವಿನ ಟ್ವಿಟರ್ ಜಗಳ ನೋಡ್ಕೊಂಡು ಕೂತ್ರು. ಈ ಸರ್ವಿಸ್‌ನ ಮಿತಿ ಇದು.

ಒಂದು ಸ್ಟಾರ್ ಯಾಕೆ ಕಡಿಮೆ ಮಾಡಿದೆ ಅಂದ್ರೆ ಭಾಷೆ. ಸದನದ ಮಾತಿಗೆ ಕನ್ನಡದಲ್ಲಿ ಜೊತೆಜೊತೆಗೆ ಅನುವಾದ ಮಾಡೋ ವ್ಯವಸ್ಥೆ ಲೋಕಸಭೇಲಿ ಬಂದೈತೆ, ಸಂತೋಷ, ಆದ್ರೆ ಉತ್ತರದ ಪಿಡಿಎಫ್ ಬರೋದು ಇಂಗ್ಲಿಷ್, ಹಿಂದೀಲಿ. ನಮ್ಮ ಚಿಕ್ಕಪ್ಪ ಹೊನ್ನಾಳಿ ಕಡೆ ಇರೋದು, ಸೈನ್ಯದಿಂದ ಹವಾಲ್ದಾರ್ ಆಗಿ ರಿಟೈರ್ ಆದೋರು, ಹಿಂದಿ ನೀರು ಕುಡಿದಂಗೆ ಮಾತಾಡ್ತಾರೆ. ಒನ್ ರ‍್ಯಾಂಕ್ ಒನ್ ಪೆನ್ಶನ್ (ಒಂದೇ ದರ್ಜೆ, ಒಂದೇ ಸರ್ವಿಸ್ ಇದ್ದೋರಿಗೆ ಯಾವಾಗ ರಿಟೈರ್ ಆದ್ರೂ ಒಂದೇ ಪಿಂಚಣಿ ಅನ್ನೋ ಯೋಜನೆ) ಬಗ್ಗೆ ಒಂದು ಉತ್ತರ ಪ್ರಿಂಟ್ ಹಾಕಿಸಿ ಕೊಟ್ಟೆ, ಕನ್ನಡಕ ಏರಿಸ್ಕೊಂಡು ಎರಡು ಸಾಲು ಓದಿ, ಇದು ಯಾವ ಹಿಂದಿನೋ ಮಾರಾಯ, ನಮ್ಮ ಪಲ್ಟನ್‌ನಲ್ಲಿ ಯಾರೂ ಹಿಂಗೆ ಮಾತಾಡ್ತಿರ್ಲಿಲ್ಲ, ನೀನೇ ಹೇಳು ಅಂದ್ರು. ಕೂತು ಹೇಳಿದೆ: 2014ರ ಜುಲೈ 1ರಿಂದ ಲೆಕ್ಕ, ಐದೈದು ವರ್ಷಕ್ಕೆ ಪರಿಷ್ಕರಣೆ, ಅಂದ್ರೆ 2019ರ ಜುಲೈ 1, ಆಮೇಲೆ 2024ರ ಜುಲೈ 1. ಅವರ ಪಿಂಚಣಿಗೆ ಸಂಬಂಧಪಟ್ಟ ಮಾತನ್ನ ಅವರಿಗೆ ಇನ್ನೊಬ್ರು ಓದಿ ಹೇಳ್ಬೇಕು ಅನ್ನೋದು ನನಗೆ ಸಹಿಸೋಕಾಗ್ಲಿಲ್ಲ. ಕೇಂದ್ರ ಸರ್ಕಾರದ ಸುದ್ದಿ ಕಚೇರಿ ಪಿಐಬಿಯಲ್ಲಿ ಕನ್ನಡ ಪ್ರಕಟಣೆ ಬರ್ತಾವೆ ಖರೆ, ಎಲ್ಲಾ ಉತ್ತರ ಅಲ್ಲಿರಲ್ಲ.

ಓದಿ ಸುಮ್ನಾಗಬೇಡ್ರಿ, ಪ್ರಶ್ನೆ ಕಳಿಸ್ರಿ. ದಾವಣಗೆರೆಗೆ ಪ್ರಭಾ ಮಲ್ಲಿಕಾರ್ಜುನ್, ಚಿತ್ರದುರ್ಗಕ್ಕೆ ಗೋವಿಂದ ಕಾರಜೋಳ, ಇಬ್ಬರೂ 2024ರಲ್ಲಿ ನಾವೇ ಕಳಿಸಿದೋರು, ಪಕ್ಷ ಯಾವುದಾದ್ರೂ ಪತ್ರ ತಗೊಳ್ಳೋದು ಅವರ ಕೆಲಸ. ಸದನಕ್ಕೆ ಅವರು 15 ಪೂರ್ತಿ ದಿನ ಮೊದ್ಲೇ ನೋಟಿಸ್ ಕೊಡಬೇಕು, ಹಂಗಾಗಿ ಅಧಿವೇಶನದ ತಾರೀಖು ಪೇಪರಲ್ಲಿ ಬಂದ ದಿನಾನೇ ಪತ್ರ ಹಾಕ್ರಿ. 150 ಪದದೊಳಗೆ ಇರ್ಲಿ, ಒಂದೇ ವಿಷಯ ಇರ್ಲಿ, ಯಾವ ಮಂತ್ರಾಲಯಕ್ಕೆ ಅಂತ ಮೇಲೇ ಬರೀರಿ, ಅಭಿಪ್ರಾಯ ಬೇಡ, ಎಷ್ಟು, ಯಾವಾಗ, ಯಾಕೆ ಅಂತ ಮಾತ್ರ ಕೇಳ್ರಿ.