ಕಂಗಲ್ ನಾಯಿಮರಿ ಎಂದು ಮುಖಕ್ಕೆ ಬಣ್ಣ ಬಳಿದು ಮಾರುತ್ತಿದ್ದಾರೆ, ಎಚ್ಚರ!

ಕುರಿ ಫಾರಂ ಇಟ್ಟುಕೊಂಡಿರುವವರು, ಅದರಲ್ಲೂ ಚಿರತೆ ಕಾಟವಿರುವ ಊರಿನವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನ ಒಬ್ಬ ಬ್ರೀಡರ್‌ಗೆ 60,000 ರೂಪಾಯಿ ತೆತ್ತು ನಾವು ತಂದ ಕಂಗಲ್ ಎಂಬ ಕಾವಲು ನಾಯಿಯ ಮರಿ ಕಂಗಲ್ ಅಲ್ಲವೇ ಅಲ್ಲ.

ಟರ್ಕಿಯ ಸಿವಾಸ್ ಪ್ರಾಂತ್ಯದ ಈ ತಳಿ ತೋಳಗಳಿಂದ ಕುರಿಮಂದೆ ಕಾಯಲೆಂದೇ ಬೆಳೆದು ಬಂದದ್ದು. ಮರಳಿನ ಬಣ್ಣದ ಗಿಡ್ಡ ಕೂದಲು, ಕಪ್ಪು ಮೂತಿ. ಬೆಳೆದ ಗಂಡು 50 ಕಿಲೋ ದಾಟುತ್ತದೆ. ನಮೀಬಿಯಾದಲ್ಲಿ ಚೀತಾಗಳಿಂದ ಆಡು ಕುರಿಗಳನ್ನು ಉಳಿಸಲು 1994ರಿಂದ ರೈತರಿಗೆ ಇದೇ ಬಳಗದ ನಾಯಿಗಳನ್ನು ಕೊಡುತ್ತಿದ್ದಾರೆ. ಅದರ ವಿಡಿಯೋ ಕಳಿಸಿಯೇ ಆತ ನಮ್ಮನ್ನು ಒಪ್ಪಿಸಿದ್ದು.

ಉಣ್ಣಿ ಹತ್ತಿದೆಯೆಂದು ಮರಿಗೆ ಔಷಧಿ ಹಾಕಿ ತೊಳೆದು ಒರೆಸಿದರೆ ಟವೆಲ್ಲೆಲ್ಲ ಕಪ್ಪು! ಇನ್ನೊಮ್ಮೆ ತಿಕ್ಕಿದೆವು, ಇನ್ನಷ್ಟು ಕಪ್ಪು. ಕೊನೆಗೆ ಕೆಳಗಿನಿಂದ ಕಂದು ಮೂತಿ ಹೊರಬಂತು. ಕುರಿ ಮೇಯಿಸುವ ಹುಡುಗ ಎಲ್ಲರೆದುರು, "ಅಣ್ಣ, ಇದು ನಮ್ಮ ಬೀದಿ ನಾಯಿ ಅಲ್ವಾ?" ಎಂದು ನಕ್ಕಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪಶುವೈದ್ಯರು ಸ್ಕ್ಯಾನರ್ ಹಿಡಿದರೆ ಗುರುತಿಗೆಂದು ಚರ್ಮದಡಿ ಇಡುವ ಮೈಕ್ರೋಚಿಪ್ಪೂ ಇಲ್ಲ.

ಬ್ರೀಡರ್‌ಗೆ ಫೋನ್ ಮಾಡಿದೆ. ಆತನ ಉತ್ತರಗಳನ್ನು ಕೇಳಿ: "ಸರ್, ನಿಮ್ಮ ಕಡೆ ಬಿಸಿಲಿಗೆ ಬಣ್ಣ ಮಾಸುತ್ತೆ, ದೊಡ್ಡದಾದ ಮೇಲೆ ವಾಪಸ್ ಬರುತ್ತೆ." ಚಿಪ್? "ಒಳಗೆ ಸರಿದಿರಬೇಕು ಸರ್." ಕಾಗದ? "ಗವರ್ಮೆಂಟ್ ಬ್ಯಾನ್ ಮಾಡಿದೆಯಲ್ಲ, ಹೇಗೆ ಕೊಡೋದು?" ಕಂಗಲ್ ಹೆಸರಿದ್ದ ಕೇಂದ್ರದ 2024ರ ಮಾರ್ಚ್‌ನ ನಿಷೇಧ ಸುತ್ತೋಲೆಯನ್ನು ನಮ್ಮ ಹೈಕೋರ್ಟೇ ಏಪ್ರಿಲ್‌ನಲ್ಲಿ ರದ್ದುಪಡಿಸಿತಲ್ಲ ಎಂದದ್ದಕ್ಕೆ, "ಹಾಗಾದ್ರೆ ಕೋರ್ಟಲ್ಲೇ ಕೇಳಿ" ಎಂದು ನಂಬರ್ ಬ್ಲಾಕ್ ಮಾಡಿದ!

ಇನ್ನೊಂದು ಮಾತು. ಕಾವಲು ಅದರ ರಕ್ತದಲ್ಲೇ ಇದೆ, ಏನೂ ಕಲಿಸಬೇಕಿಲ್ಲ ಎಂದಿದ್ದ. ಅಸಲಿ ಕಂಗಲ್ ಆದರೂ ಮರಿಯಾಗಿದ್ದಾಗಲೇ ದೊಡ್ಡಿಯಲ್ಲಿ ಕುರಿಗಳ ನಡುವೆ ಬೆಳೆದರಷ್ಟೇ ಮಂದೆಯನ್ನು ತನ್ನದೆಂದುಕೊಳ್ಳುತ್ತದೆ. ತಾರಸಿಯ ಪಂಜರದಲ್ಲಿ ಬೆಳೆದ ಈ ಮರಿ ಕುರಿಮರಿಗಳನ್ನೇ ಅಟ್ಟಾಡಿಸುತ್ತದೆ.

ತಾಯಿ ನಾಯಿಯನ್ನು ಕಣ್ಣಾರೆ ನೋಡದೆ, ನಿಮ್ಮದೇ ವೈದ್ಯರಿಂದ ಚಿಪ್ ಪರೀಕ್ಷಿಸದೆ, ಬಿಲ್ ಪಡೆಯದೆ ಒಂದು ರೂಪಾಯಿಯನ್ನೂ ಕೊಡಬೇಡಿ. 2017ರ ನಿಯಮದಂತೆ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಆ ಪತ್ರ ಕೇಳಿ, ಕೇಳಿದೊಡನೆ ಮಾತು ತಿರುಗಿಸಿದರೆ ಅಲ್ಲಿಂದ ಎದ್ದುಬನ್ನಿ. ಆತ ನಿನ್ನೆಯಷ್ಟೇ ಮತ್ತೊಂದು ಸೂಲಿನ ಫೋಟೋ ಹಾಕಿ ಬುಕಿಂಗ್ ಶುರು ಮಾಡಿದ್ದಾನೆ.