ದಿವಾಳಿ ನಗರಗಳ ಲೆಕ್ಕ ಓದಲು ಫ್ರೇಸರ್ ಭಂಡಾರ: ಏನು ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ನಗರಸಭೆಗಳು ಸಾಲ ಎಲ್ಲಿಂದ ತಂದವು, ಎಲ್ಲಿ ಕಂತು ತಪ್ಪಿದವು ಎಂದು ಮೂಲದಲ್ಲೇ ಓದಬೇಕೆನ್ನುವವರಿಗೆ ಸೇಂಟ್ ಲೂಯಿಸ್‌ನ ಫೆಡರಲ್ ರಿಸರ್ವ್ ಬ್ಯಾಂಕ್ ನಡೆಸುವ ‘ಫ್ರೇಸರ್’ ಡಿಜಿಟಲ್ ಭಂಡಾರಕ್ಕಿಂತ ಒಳ್ಳೆಯ ಪುಕ್ಕಟೆ ಜಾಗ ಸಿಗುವುದು ಕಷ್ಟ. ಚಂದಾ ಇಲ್ಲ, ಲಾಗಿನ್ ಬೇಡ, ಪಿಡಿಎಫ್ ನೇರ ಇಳಿಸಿಕೊಳ್ಳಬಹುದು. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಡಿಮೆಯಾದದ್ದು ಹುಡುಕಾಟದ ಕಾರಣಕ್ಕೆ, ಅದನ್ನು ಮುಂದೆ ಹೇಳುತ್ತೇನೆ.

ಭಂಡಾರದಲ್ಲಿ ಸಾವಿರಾರು ದಾಖಲೆಗಳಿವೆ, ಆದರೆ ನಗರಗಳ ಹಣಕಾಸಿಗೆ ಬೇಕಾದದ್ದು ಮುಖ್ಯವಾಗಿ ಒಂದೇ: ‘ಕಮರ್ಷಿಯಲ್ ಅಂಡ್ ಫೈನಾನ್ಷಿಯಲ್ ಕ್ರಾನಿಕಲ್’ ಎಂಬ ನ್ಯೂಯಾರ್ಕಿನ ವಾರಪತ್ರಿಕೆ. 1865ರಿಂದ 1963ರವರೆಗಿನ ಸಂಚಿಕೆಗಳು ಇಲ್ಲಿವೆ. 1930ರ ದಶಕದ ಸಂಚಿಕೆಗಳಿಗೆ ಶನಿವಾರದ ತಾರೀಕು. ಮೊದಲ ಪುಟಗಳಲ್ಲಿ ರೈಲ್ವೆ, ಬ್ಯಾಂಕು, ಷೇರುಪೇಟೆ ತುಂಬಿಕೊಂಡಿರುತ್ತವೆ. ಹೊಸಬರು ಅಲ್ಲೇ ಸುಸ್ತಾಗಿ ಕಿಟಕಿ ಮುಚ್ಚಿಬಿಡುತ್ತಾರೆ. ಮೊದಲ ಪುಟದಿಂದ ಓದಬೇಡಿ. ಕೊನೆಯ ಪುಟಗಳಿಗೆ ಹಾರಿ. ‘ಸ್ಟೇಟ್ ಅಂಡ್ ಸಿಟಿ ಡಿಪಾರ್ಟ್‌ಮೆಂಟ್’ ಎಂಬ ವಿಭಾಗ ಅಲ್ಲಿರುತ್ತದೆ. ಮೊದಲಿಗೆ ಸುದ್ದಿ, ಆಮೇಲೆ ಊರುಗಳ ಹೆಸರಿನ ಅಕ್ಷರಕ್ರಮದಲ್ಲಿ ಬಾಂಡ್ (ಊರು ಬಡ್ಡಿಗೆ ಸಾಲ ಎತ್ತಲು ಮಾರುವ ಪತ್ರ) ಹರಾಜುಗಳ ವರದಿ. ಹತ್ತು ಸಾವಿರ ಡಾಲರಿನ ಶಾಲಾ ಕಟ್ಟಡದ ಬಾಂಡೂ ನ್ಯೂಯಾರ್ಕಿನ ಕೋಟಿಗಳ ಸಾಲವೂ ಅಲ್ಲಿ ಒಂದೇ ಸಾಲಿನಲ್ಲಿ ಕೂರುತ್ತವೆ.

ಪ್ರತಿ ನಮೂದು ಸಂಕೇತಗಳಲ್ಲಿ ಬರೆದದ್ದು. ಊರು, ಕೌಂಟಿ, ರಾಜ್ಯದ ನಂತರ ದಪ್ಪಕ್ಷರದ ಒಂದು ತಲೆಬರಹ: ಬಾಂಡ್ ಆಫರಿಂಗ್ (ಮಾರಾಟಕ್ಕಿದೆ), ಬಾಂಡ್ ಸೇಲ್ (ಮಾರಾಟವಾಯಿತು), ಬಾಂಡ್ಸ್ ನಾಟ್ ಸೋಲ್ಡ್ (ಮಾರಾಟವಾಗಲಿಲ್ಲ). ‘ಜೆ. ಅಂಡ್ ಜೆ.’ ಎಂದರೆ ಬಡ್ಡಿ ಕೊಡುವ ತಿಂಗಳು ಜನವರಿ ಮತ್ತು ಜುಲೈ. ‘ಎಫ್. ಅಂಡ್ ಎ.’ ಫೆಬ್ರವರಿ–ಆಗಸ್ಟ್, ‘ಎ. ಅಂಡ್ ಓ.’ ಏಪ್ರಿಲ್–ಅಕ್ಟೋಬರ್. ಯಾವ ಊರು ಯಾವ ತಿಂಗಳಲ್ಲಿ ಉಸಿರು ಬಿಗಿಹಿಡಿಯುತ್ತದೆ ಎಂದು ತಿಳಿಯಲು ಈ ಎರಡು ಅಕ್ಷರ ಸಾಕು. ಬೆಲೆಯನ್ನು ಮುಖಬೆಲೆಯ ನೂರಕ್ಕೆ ಇಷ್ಟು ಎಂದು ಹಾಕಿ, ಅದರ ಪಕ್ಕದಲ್ಲೇ ‘ಬೇಸಿಸ್’ ಎಂದು ಶೇಕಡಾವಾರು ಕೊಟ್ಟಿರುತ್ತಾರೆ: ಆ ಬೆಲೆಗೆ ಮಾರಿದಾಗ ಊರಿಗೆ ನಿಜಕ್ಕೂ ಬೀಳುವ ಬಡ್ಡಿಯ ವೆಚ್ಚ. ಹೋಲಿಕೆಗೆ ಬಳಸಬೇಕಾದದ್ದು ಈ ಬೇಸಿಸ್, ಬಾಂಡಿನ ಮೇಲೆ ಅಚ್ಚಾದ ಬಡ್ಡಿದರವಲ್ಲ.

ಬೇಸಿಸ್ ಮುದ್ರಿಸದ ನಮೂದುಗಳೂ ಇರುತ್ತವೆ, ಆಗ ನೀವೇ ಲೆಕ್ಕ ಹಾಕಬೇಕು. ಅಲ್ಲೇ ಬಹಳ ಜನ ಎಡವುವುದು. ಲಕ್ಷ ಡಾಲರಿನ, 4.5% ಬಡ್ಡಿಯ, ಹತ್ತು ವರ್ಷದ ಬಾಂಡು 98ಕ್ಕೆ ಮಾರಾಟವಾಯಿತು ಎನ್ನಿ. ಅಸಲೆಲ್ಲ ಹತ್ತನೇ ವರ್ಷ ಒಟ್ಟಿಗೆ ತೀರುವುದಾದರೆ ನಿಜವಾದ ವೆಚ್ಚ ಸುಮಾರು 4.75%. ಆದರೆ ಆ ಕಾಲದ ನಗರ ಬಾಂಡುಗಳಲ್ಲಿ ಬಹುಪಾಲು ಕಂತಿನವು: ವರ್ಷಕ್ಕೆ ಹತ್ತು ಸಾವಿರದಂತೆ 1ರಿಂದ 10ನೇ ವರ್ಷದವರೆಗೆ ತೀರಿಸುವಂಥವು. ಆಗ ಸರಾಸರಿ ಅವಧಿ ಐದೂವರೆ ವರ್ಷ ಮಾತ್ರ. ನೂರಕ್ಕೆ ಎರಡು ಡಾಲರಿನ ನಷ್ಟ ಆ ಕಡಿಮೆ ಅವಧಿಯೊಳಗೇ ಹಂಚಿಹೋಗುವುದರಿಂದ ವೆಚ್ಚ 4.9%ಕ್ಕೆ ಏರುತ್ತದೆ. ‘ಡ್ಯೂ’ (ಅಸಲು ಯಾವಾಗ ತೀರಬೇಕು) ಎಂಬ ಸಾಲನ್ನು ಓದದೆ ಕ್ಯಾಲ್ಕುಲೇಟರ್ ಮುಟ್ಟಬೇಡಿ.

ಬಡ್ಡಿದರಕ್ಕಿಂತ ಮುಂಚೆ ಕಾಯಿಲೆಯನ್ನು ತೋರಿಸಿಕೊಡುವುದು ಬಿಡ್‌ದಾರರ ಸಂಖ್ಯೆ. ಮಾರಾಟದ ನಮೂದಿನ ಕೆಳಗೆ ಸೋತವರ ಬಿಡ್‌ಗಳೂ ಎಷ್ಟೋ ಸಲ ಇರುತ್ತವೆ. ಒಂದೇ ಊರಿನ ನಮೂದುಗಳನ್ನು 1929ರಿಂದ ಸಾಲಾಗಿ ಜೋಡಿಸಿ, ಪ್ರತಿ ಹರಾಜಿಗೆ ಎಷ್ಟು ಬಿಡ್ ಬಂದವು, ಮೊದಲ ಮತ್ತು ಎರಡನೆಯ ಬಿಡ್‌ಗಳ ನಡುವೆ ಎಷ್ಟು ಅಂತರ ಎಂದು ಎರಡು ಕಾಲಂ ಮಾಡಿಕೊಳ್ಳಿ. ಅಂತರ ಹಿಗ್ಗಿ, ಬಿಡ್ ಒಂದಕ್ಕೆ ಇಳಿದು, ಆಮೇಲೆ ‘ಬಿಡ್ ಬರಲಿಲ್ಲ’ ಎಂಬ ಒಂದೇ ವಾಕ್ಯವಾಗುವುದು ಅಲ್ಲೇ ಕಾಣುತ್ತದೆ.

ಇದಕ್ಕೆ ಕಾರಣ ಪತ್ರಿಕೆ ಓದಿದ ಮಾತ್ರಕ್ಕೆ ತಿಳಿಯದು, ಮೊದಲೇ ಗೊತ್ತಿರಬೇಕು. ನಗರಗಳ ವರಮಾನದ ದೊಡ್ಡ ಪಾಲು ಆಸ್ತಿ ತೆರಿಗೆ. ತೆರಿಗೆ ಬರುವ ಮುಂಚೆಯೇ ಅದನ್ನು ನಂಬಿ ಬ್ಯಾಂಕಿನಿಂದ ಕೆಲವು ತಿಂಗಳ ಕೈಸಾಲ ತರುವುದು ವಾಡಿಕೆಯಾಗಿತ್ತು. ತೆರಿಗೆ ಬಾಕಿ ಬೆಳೆದಂತೆ (ದೊಡ್ಡ ನಗರಗಳಲ್ಲಿ 1933ರ ಹೊತ್ತಿಗೆ ಕಾಲು ಭಾಗದಷ್ಟು ವಸೂಲಾಗಿರಲಿಲ್ಲ) ಹಳೆಯ ಕೈಸಾಲ ತೀರಿಸಲು ಹೊಸದು ಬೇಕಾಯಿತು, ಬ್ಯಾಂಕು ಕೈಯೆತ್ತಿತು. ಶಿಕಾಗೋದಲ್ಲಿ ಇದು ಕುಸಿತಕ್ಕೂ ಮೊದಲೇ ಶುರುವಾಗಿತ್ತು. ಆಸ್ತಿ ಮೌಲ್ಯಮಾಪನವನ್ನು ಮತ್ತೆ ಮಾಡಲು ಆದೇಶವಾಗಿ 1928ರ ತೆರಿಗೆ ಬಿಲ್ಲುಗಳು 1930ರವರೆಗೆ ಹೊರಬೀಳಲಿಲ್ಲ. ಅಲ್ಲಿನ ಶಿಕ್ಷಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದದ್ದರ ಹಿಂದೆ ಈ ತೊಡಕೂ ಇದೆ. ಆದ್ದರಿಂದ ಬಾಂಡ್ ನಮೂದುಗಳ ನಡುವೆ ‘ಟ್ಯಾಕ್ಸ್ ಆಂಟಿಸಿಪೇಷನ್’ (ಬರಲಿರುವ ತೆರಿಗೆ ನಂಬಿ ತಂದ ಕೈಸಾಲ) ಎಂಬ ಪದ ಕಂಡರೆ ನಿಂತು ಓದಿ.

ಎಲ್ಲಿಂದ ಶುರು ಮಾಡುವುದು ಎಂದರೆ ಎರಡು ಸಲಹೆ. ಉತ್ತರ ಕೆರೊಲಿನಾದ ಆಶ್‌ವಿಲ್‌ಗೆ 1930ರ ನವೆಂಬರ್ 22ರ ಸಂಚಿಕೆಯಿಂದ ಮುಂದಕ್ಕೆ ಹೋಗಿ. ಊರಿನ ಹಣ ಇಟ್ಟಿದ್ದ ಬ್ಯಾಂಕು ಬಾಗಿಲು ಹಾಕಿದ್ದು ಅದೇ ವಾರದ ಗುರುವಾರ, 20ರಂದು. ಡೆಟ್ರಾಯಿಟ್‌ಗೆ 1933ರ ಫೆಬ್ರವರಿ 18 ಮತ್ತು 25. ಆ ನಗರವಿರುವ ಮಿಷಿಗನ್ ರಾಜ್ಯ ಬ್ಯಾಂಕುಗಳಿಗೆ ರಜೆ ಘೋಷಿಸಿ ಬಾಗಿಲು ಮುಚ್ಚಿಸಿದ್ದು 14ರಂದು, ನಗರ ತನ್ನ ಬಾಂಡುಗಳ ಕಂತು ತಪ್ಪಿದ್ದೂ ಆ ದಿನಗಳಲ್ಲೇ. ಆ ವರ್ಷ ಡೆಟ್ರಾಯಿಟ್ ತನ್ನ ನೌಕರರಿಗೆ ನಗದಿನ ಬದಲು ತಾನೇ ಅಚ್ಚು ಹಾಕಿದ ‘ಸ್ಕ್ರಿಪ್’ ಚೀಟಿಗಳಲ್ಲಿ ಸಂಬಳ ಕೊಟ್ಟು, ಅದೇ ಚೀಟಿಯನ್ನು ನಗರದ ತೆರಿಗೆಗೆ ಹಿಂದಕ್ಕೆ ಪಡೆಯಿತು. ತಾನೇ ಕೊಟ್ಟ ಚೀಟಿ ತಾನೇ ತೆಗೆದುಕೊಂಡರೆ ಖಜಾನೆಗೆ ನಗದು ಬಾರದು, ಬಾಂಡಿನ ಬಡ್ಡಿಗೋ ನಗದೇ ಬೇಕು. ಅದೇ ತೊಡಕು.

ಈಗ ದೂರು. ಹುಡುಕಾಟ ನಡೆಯುವುದು ಚಿಕ್ಕ ಅಕ್ಷರದ ಒತ್ತೊತ್ತಾದ ಹಳೆಯ ಅಚ್ಚನ್ನು ಯಂತ್ರ ಓದಿದ ಪಠ್ಯದಲ್ಲಿ. 3 ಮತ್ತು 8, 5 ಮತ್ತು 6 ಅದಲುಬದಲಾಗುತ್ತವೆ, ಕೋಷ್ಟಕಗಳು ಕಲಸಿಹೋಗುತ್ತವೆ, ಊರಿನ ಹೆಸರು ಸಾಲಿನ ಕೊನೆಯಲ್ಲಿ ಮುರಿದಿದ್ದರೆ ಹುಡುಕಾಟಕ್ಕೆ ಸಿಗುವುದಿಲ್ಲ. ‘ಏನೂ ಸಿಗಲಿಲ್ಲ’ ಎಂದು ತೋರಿಸಿದರೆ ಇಲ್ಲ ಎಂದು ಬರೆದುಕೊಳ್ಳಬೇಡಿ. ಅಕ್ಷರಕ್ರಮದಲ್ಲಿ ಆ ಊರು ಬರಬೇಕಾದ ಪುಟವನ್ನು ಕಣ್ಣಿನಿಂದಲೇ ನೋಡಿ. ಅಂಕಿಗಳನ್ನು ಪಠ್ಯದಿಂದ ನಕಲು ಮಾಡದೆ ಪುಟದ ಚಿತ್ರ ನೋಡಿ ಟೈಪ್ ಮಾಡಿ. ಕಡತಗಳು ಭಾರವಾದ್ದರಿಂದ ಮೊಬೈಲಿನಲ್ಲಿ ಪರದಾಟವೇ. ಇಳಿಸಿದ ಕಡತಕ್ಕೆ ವರ್ಷ-ತಿಂಗಳು-ದಿನ ಕ್ರಮದಲ್ಲಿ ಹೆಸರಿಟ್ಟರೆ ಮುಂದೆ ತಲೆನೋವಿಲ್ಲ.

ಇನ್ನೊಂದು ಮಿತಿ ಪತ್ರಿಕೆಯದೇ. ಅದು ಸಾಲ ಕೊಟ್ಟವರ ಕಣ್ಣಿನಿಂದ ಊರನ್ನು ನೋಡುತ್ತದೆ. ಬಡ್ಡಿ ತಪ್ಪಿದ್ದು ಸುದ್ದಿ, ನಿರುದ್ಯೋಗಿಗಳ ಪರಿಹಾರಕ್ಕೆ ಹೋದ ಹಣ ಬರೀ ಖರ್ಚಿನ ಬಾಬತ್ತು. ಯಾವ ಇಲಾಖೆಯಲ್ಲಿ ಎಷ್ಟು ಜನರ ಕೆಲಸ ಹೋಯಿತು, ಯಾವ ನಿಧಿಯಿಂದ ಯಾವುದಕ್ಕೆ ವರ್ಗಾಯಿಸಿದರು ಎಂಬುದಕ್ಕೆ ಆಯಾ ಊರಿನ ಕೌನ್ಸಿಲ್ ನಡಾವಳಿಯೇ ಬೇಕು. ಒಟ್ಟು ಜಮಾ-ಖರ್ಚಿಗೆ ಜನಗಣತಿ ಇಲಾಖೆ ಪ್ರಕಟಿಸುತ್ತಿದ್ದ ನಗರಗಳ ಹಣಕಾಸು ಅಂಕಿಅಂಶದ ಸಂಪುಟಗಳನ್ನು ಜೊತೆಗಿಟ್ಟುಕೊಳ್ಳಿ. ಹೊಂದಿಸುವಾಗ ಲೆಕ್ಕದ ವರ್ಷ ನೋಡಿ: ಡೆಟ್ರಾಯಿಟ್‌ದು ಜುಲೈಯಿಂದ ಜೂನ್, ಶಿಕಾಗೋದ್ದು ಜನವರಿಯಿಂದ ಡಿಸೆಂಬರ್. ಎರಡನ್ನೂ ‘1932’ ಎಂದು ಒಂದೇ ಕಾಲಂಗೆ ಹಾಕಿದರೆ ಆರು ತಿಂಗಳ ತಪ್ಪು.

1934ರ ನಂತರದ ಸಂಚಿಕೆಗಳಲ್ಲಿ ‘ರಿಫಂಡಿಂಗ್’ ಎಂಬ ತಲೆಬರಹ ಎದುರಾಗುತ್ತದೆ. ಹಳೆಯ ಬಾಂಡ್ ಹಿಂಪಡೆದು ದೀರ್ಘಾವಧಿಯ ಹೊಸದು ಕೊಡುವ ಏರ್ಪಾಡು ಅದು. ಇದನ್ನು ಹೊಸ ಸಾಲವೆಂದು ಕೂಡಿಸಿದರೆ ಊರಿನ ಸಾಲ ಎರಡರಷ್ಟು ಕಾಣುತ್ತದೆ. ನಗರಗಳ ದಿವಾಳಿ ಕಾಯ್ದೆ ಬಂದದ್ದು 1934ರ ಮೇ 24ರಂದು, ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1936ರಲ್ಲಿ, ಮತ್ತೆ ಬರೆದ ಕಾಯ್ದೆ 1937ರದ್ದು, ಅದನ್ನು ಕೋರ್ಟ್ ಎತ್ತಿಹಿಡಿದದ್ದು 1938ರಲ್ಲಿ. ದಿವಾಳಿ ಅರ್ಜಿಯ ಸುದ್ದಿ ಓದುವಾಗ ಈ ನಾಲ್ಕು ವರ್ಷಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ತಂದಾಗ ಬೆನ್ನಿಗೆ ರಾಜ್ಯ ಸರ್ಕಾರದ ಖಾತರಿ ಇತ್ತು. ಇಲ್ಲಿ ಓದುವ ಅಮೆರಿಕದ ಊರುಗಳಲ್ಲಿ ಹೆಚ್ಚಿನವಕ್ಕೆ ಅಂಥ ಬೆನ್ನು ಇರಲಿಲ್ಲ ಎಂಬುದು ನೆನಪಿರಲಿ.

ಆಶ್‌ವಿಲ್ ಹಿಡಿದವರಿಗೆ ಕಡೆಯ ಎಚ್ಚರಿಕೆ: ಆ ಊರು ಕುಸಿತದ ಕಾಲದ ಸಾಲ ಪೂರ್ತಿ ತೀರಿಸಿದ್ದು 1976ರಲ್ಲಿ. ಭಂಡಾರದಲ್ಲಿ ಪತ್ರಿಕೆ ನಿಲ್ಲುವುದು 1963ಕ್ಕೆ, ಆಮೇಲಿನ 13 ವರ್ಷಗಳಿಗೆ ಸ್ಥಳೀಯ ದಾಖಲೆಗಳನ್ನೇ ಹುಡುಕಬೇಕು.